ಸುಳ್ಳು ದೂರವಾಣಿ ಕರೆಗಳು: ಲಕ್ಷಣಗಳು ಮತ್ತು ಹತೋಟಿ ಕ್ರಮಗಳು

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಳೆ ತಯಾರಿಕೆಯನ್ನು ತನ್ನ ಪ್ರವಾಸ ಕಥನದಲ್ಲಿ ವಿವರಿಸಿದ್ದಾನೆ. ಇಂದು ಈ ಹೋಬಳಿಯ ಜನರಿಗೆ ಬೇಸಾಯವೇ ಆಧಾರ. ರಾಗಿ, ಶೇಂಗಾ, ತೆಂಗು, ಅಡಿಕೆ, ದಾಳಿಂಬೆ ಇಲ್ಲಿನ ಬೆಳೆಗಳು. ಮಳೆ ಕಡಿಮೆ ಬೀಳುವ ಇಂಥ ಪ್ರದೇಶದಲ್ಲಿ ರೈತನಿಗೆ ಹಣ ದೊರೆಯುವುದು ವರ್ಷಕ್ಕೆ ಒಂದೆರಡು ಬಾರಿ ಮಾತ್ರ. ಆ ಹಣವೂ ಈಗ ನೇರವಾಗಿ ಕೈಗೆ ಬರುವುದಿಲ್ಲ. ಬೆಂಬಲ ಬೆಲೆಯ ಮೊತ್ತ, ಪಿ.ಎಂ. ಕಿಸಾನ್ ಕಂತು, ಬೆಳೆ ವಿಮೆ, ಬೆಳೆ ನಷ್ಟ ಪರಿಹಾರ, ಮನೆಯೊಡತಿಯ ಗೃಹಲಕ್ಷ್ಮಿ ಹಣ, ಎಲ್ಲವೂ ಬ್ಯಾಂಕಿನ ಖಾತೆಗೆ ಜಮೆಯಾಗುತ್ತವೆ. ಇದರಿಂದ ಮಧ್ಯವರ್ತಿಗಳ ಕಾಟ ತಪ್ಪಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಳು ಇರುವ ಕಡೆಗೆ ಇಲಿ ದಾರಿ ಹುಡುಕುವಂತೆ, ಖಾತೆಗೆ ಬಂದ ಹಣವನ್ನು ಅಪಹರಿಸುವವರೂ ಹುಟ್ಟಿಕೊಂಡಿದ್ದಾರೆ. ಅವರು ಮನೆಗೆ ಕನ್ನ ಹಾಕುವುದಿಲ್ಲ, ದೂರವಾಣಿಯಲ್ಲಿ ಮಾತನಾಡುತ್ತಾರೆ.

ಹಾನಿಯ ಪ್ರಮಾಣವನ್ನು ರೈತರ ಲೆಕ್ಕದಲ್ಲೇ ನೋಡೋಣ. 2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಒಬ್ಬ ರೈತ 20 ಕ್ವಿಂಟಲ್ ರಾಗಿಯನ್ನು ಖರೀದಿ ಕೇಂದ್ರಕ್ಕೆ ಕೊಟ್ಟರೆ ಖಾತೆಗೆ ಬರುವುದು 97,720 ರೂಪಾಯಿ. ಮಳೆಯಾಶ್ರಯದಲ್ಲಿ ಎಕರೆಗೆ 7 ಕ್ವಿಂಟಲ್ ಇಳುವರಿ ಎಂದು ಹಿಡಿದರೆ ಇದು ಸುಮಾರು ಮೂರು ಎಕರೆಯ ಇಡೀ ಫಸಲು. ಯು.ಪಿ.ಐ. ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷ ರೂಪಾಯಿವರೆಗೆ ಕಳುಹಿಸಬಹುದು. ಅಂದರೆ ಬೀಜ, ಗೊಬ್ಬರ, ಕೂಲಿ, ಒಕ್ಕಣೆ ಎಲ್ಲ ಮುಗಿಸಿ ಗಳಿಸಿದ ಮೂರು ಎಕರೆ ರಾಗಿ ಒಂದೇ ಕರೆಯಲ್ಲಿ ಹೋಗಿಬಿಡಬಹುದು. ಯಾವ ಕೀಟವೂ, ಯಾವ ರೋಗವೂ ಇಷ್ಟು ಬೇಗ ಬೆಳೆಯನ್ನು ನಾಶಮಾಡಲಾರದು. ಆದ್ದರಿಂದ ಈ ಪಿಡುಗಿನ ಸ್ವಭಾವ, ಲಕ್ಷಣ ಮತ್ತು ಹತೋಟಿಯನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯ.

ತೆರೆಯ ಮೇಲೆ ಕಾಣುವ ಸಂಖ್ಯೆಯನ್ನು ನಂಬಬಹುದೇ?

ಕರೆ ಬಂದಾಗ ಮೊಬೈಲಿನ ತೆರೆಯ ಮೇಲೆ ಒಂದು ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಯವರೇ ಕರೆ ಮಾಡುತ್ತಿದ್ದಾರೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಈ ಸಂಖ್ಯೆಯನ್ನು ಕಳುಹಿಸುವುದು ಕರೆ ಹೊರಡುವ ಕಡೆಯ ಯಂತ್ರ. ನಮ್ಮ ಕಡೆಯ ಯಂತ್ರ ತನಗೆ ಬಂದ ಸಂಖ್ಯೆಯನ್ನು ತೋರಿಸುತ್ತದೆ, ಅಷ್ಟೆ. ಅಂಚೆ ಕಾಗದದ ಹಿಂಬದಿಯಲ್ಲಿ 'ಇಂದ' ಎಂಬ ಜಾಗದಲ್ಲಿ ಯಾರು ಯಾವ ವಿಳಾಸವನ್ನು ಬರೆದರೂ ಅಂಚೆಯವರು ಪತ್ರವನ್ನು ತಲುಪಿಸುತ್ತಾರಲ್ಲವೇ? ಇದೂ ಹಾಗೆಯೇ. ಇಂಟರ್‌ನೆಟ್ ಮೂಲಕ ಕರೆ ಮಾಡುವ ಸಾಧನಗಳಲ್ಲಿ ಕರೆ ಮಾಡುವವನು ತನಗೆ ಬೇಕಾದ ಸಂಖ್ಯೆಯನ್ನು ತುಂಬಲು ಸಾಧ್ಯವಿದೆ. ಹೀಗೆ ಹೊರದೇಶದಿಂದ ಬಂದ ಕರೆ ನಮ್ಮ ಬ್ಯಾಂಕಿನದೋ, ಪೊಲೀಸ್ ಠಾಣೆಯದೋ ಸಂಖ್ಯೆಯನ್ನು ಹೊತ್ತು ಬರಬಹುದು. ಇದನ್ನೇ ನಕಲಿ ಸಂಖ್ಯೆಯ ಕರೆ ಎನ್ನುವುದು.

ಈ ಹಾವಳಿಯನ್ನು ತಡೆಯಲು ಕೇಂದ್ರ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್ 22ರಂದು ಒಂದು ವ್ಯವಸ್ಥೆಯನ್ನು ಆರಂಭಿಸಿತು. ಹೊರದೇಶದಿಂದ ಬರುತ್ತಿದ್ದರೂ ಭಾರತದ ಸಂಖ್ಯೆ ತೋರಿಸುವ ಕರೆಗಳನ್ನು ಇದು ಗುರುತಿಸಿ ತಡೆಯುತ್ತದೆ. ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳನ್ನು ತಡೆಯಲಾಯಿತೆಂದು ಇಲಾಖೆ ತಿಳಿಸಿತು. ಪಿಡುಗು ಎಷ್ಟು ವ್ಯಾಪಕವೆಂಬುದು ಈ ಒಂದು ಅಂಕಿಯಿಂದಲೇ ಸ್ಪಷ್ಟ. ಆದರೆ ಹೊಲಕ್ಕೆ ಬೇಲಿ ಹಾಕಿದ ಮಾತ್ರಕ್ಕೆ ಕಾವಲು ಬಿಡುವಂತಿಲ್ಲ. ವಂಚಕರು ಬೇರೆಯವರ ಹೆಸರಿನಲ್ಲಿ ಪಡೆದ ಸಿಮ್‌ಗಳನ್ನು ದೇಶದೊಳಗೇ ಯಂತ್ರಗಳಿಗೆ ಜೋಡಿಸಿ, ಹೊರಗಿನ ಕರೆಯನ್ನು ಸಾಮಾನ್ಯ ಹತ್ತು ಅಂಕಿಯ ಸಂಖ್ಯೆಯಾಗಿ ಮಾರ್ಪಡಿಸುವುದೂ ಉಂಟು.

ಸಂಖ್ಯೆಯ ಜೊತೆಗೆ ಕಾಣುವ ಹೆಸರು, ಚಿತ್ರಗಳನ್ನೂ ನಂಬುವಂತಿಲ್ಲ. ವಾಟ್ಸಪ್‌ನಲ್ಲಿ ಯಾರ ಭಾವಚಿತ್ರವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬೀಜದ ಚೀಲಕ್ಕೆ ನೀಲಿ ಚೀಟಿ ಹೊಲಿದ ಮಾತ್ರಕ್ಕೆ ಒಳಗಿರುವುದು ಪ್ರಮಾಣಿತ ಬೀಜವೇ ಎಂದು ಅನುಭವಿ ರೈತ ಒಪ್ಪುವುದಿಲ್ಲ. ಅಧಿಕೃತ ಮಾರಾಟಗಾರನಲ್ಲಿ ಕೊಂಡು ರಸೀದಿ ಪಡೆಯುತ್ತಾನೆ. ಅದೇ ಎಚ್ಚರಿಕೆ ಇಲ್ಲಿಯೂ ಬೇಕು.

ಹಳ್ಳಿಗಳಲ್ಲಿ ಕಂಡುಬರುವ ಮುಖ್ಯ ಬಗೆಗಳು

1. ಯೋಜನೆಯ ಹೆಸರಿನ ಕರೆ: "ನಿಮ್ಮ ಪಿ.ಎಂ. ಕಿಸಾನ್ ಕಂತು ನಿಂತಿದೆ, ಇ-ಕೆ.ವೈ.ಸಿ. ಮಾಡಿಸಬೇಕು" ಎಂದು ಹೇಳಿ ಓ.ಟಿ.ಪಿ. ಕೇಳುತ್ತಾರೆ. ಇಲ್ಲವೇ ವಾಟ್ಸಪ್ ಮೂಲಕ ಯೋಜನೆಯ ಹೆಸರುಳ್ಳ ಎ.ಪಿ.ಕೆ. ಕಡತವನ್ನು ಕಳುಹಿಸುತ್ತಾರೆ. ಅದನ್ನು ಮೊಬೈಲಿಗೆ ಅಳವಡಿಸಿಕೊಂಡರೆ ನಿಮಗೆ ಬರುವ ಸಂದೇಶಗಳೆಲ್ಲ ಅವರಿಗೂ ಕಾಣುತ್ತವೆ. ಆಗ ಓ.ಟಿ.ಪಿ.ಯನ್ನು ನೀವು ಹೇಳಬೇಕಾದ ಅಗತ್ಯವೇ ಇರುವುದಿಲ್ಲ.

2. ಸೌರ ಪಂಪ್‌ಸೆಟ್ಟಿನ ಆಮಿಷ: 2019ರಲ್ಲಿ ಆರಂಭವಾದ ಪಿ.ಎಂ. ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ತೆರೆದು ನೋಂದಣಿ ಶುಲ್ಕ ವಸೂಲು ಮಾಡಿದ ಬಗ್ಗೆ ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯ ಹಲವು ಬಾರಿ ಎಚ್ಚರಿಕೆ ನೀಡಿದೆ.

3. ಜಮೀನಿನಲ್ಲಿ ಮೊಬೈಲ್ ಗೋಪುರ: "ನಿಮ್ಮ ಹೊಲದಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಲಕ್ಷಾಂತರ ಮುಂಗಡ" ಎಂದು ನಂಬಿಸಿ, ಮೊದಲು ತೆರಿಗೆ ಅಥವಾ ಪರವಾನಗಿ ಶುಲ್ಕ ಕಟ್ಟಲು ಹೇಳುತ್ತಾರೆ. ಟ್ರಾಯ್ ಸಂಸ್ಥೆಯ ಹೆಸರಿನ ನಿರಾಕ್ಷೇಪಣಾ ಪತ್ರವನ್ನೂ ತೋರಿಸುತ್ತಾರೆ. ಗೋಪುರ ಸ್ಥಾಪನೆಗೆ ಅಂಥ ಪತ್ರವನ್ನು ತಾನು ಕೊಡುವುದೇ ಇಲ್ಲವೆಂದು ಟ್ರಾಯ್ ಸ್ಪಷ್ಟಪಡಿಸಿದೆ.

4. ದನಕರು, ಟ್ರ್ಯಾಕ್ಟರ್ ವ್ಯಾಪಾರ: ಹಸು ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಜಾಹೀರಾತು ಹಾಕಿದ ರೈತನಿಗೆ ಸೇನೆಯ ಅಧಿಕಾರಿ ಎಂದು ಹೇಳಿಕೊಂಡವನು ಕರೆ ಮಾಡುತ್ತಾನೆ. ಬೆಲೆ ಚೌಕಾಶಿ ಮಾಡುವುದಿಲ್ಲ. ಕ್ಯೂ.ಆರ್. ಚಿತ್ರವೊಂದನ್ನು ಕಳುಹಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುತ್ತದೆ" ಎನ್ನುತ್ತಾನೆ. ಒತ್ತಿದೊಡನೆ ಹಣ ಹೋಗುತ್ತದೆ. ಹಸುವನ್ನು ನೋಡದೆ, ಹಾಲು ಕರೆದು ಪರೀಕ್ಷಿಸದೆ ಕೇಳಿದ ಬೆಲೆಗೆ ಒಪ್ಪುವ ಗಿರಾಕಿ ಯಾವ ಸಂತೆಯಲ್ಲಿದ್ದಾನೆ ಎಂದು ಒಂದು ಕ್ಷಣ ಯೋಚಿಸಿದರೆ ಸಾಕು.

5. ಪೊಲೀಸರ ಹೆಸರಿನ ಬೆದರಿಕೆ: "ನಿಮ್ಮ ಆಧಾರ್ ಬಳಸಿ ಮಾದಕ ವಸ್ತು ಸಾಗಿಸಲಾಗಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ವಿಡಿಯೋ ಕರೆಯಲ್ಲಿ ಖಾಕಿ ಉಡುಪು ಧರಿಸಿ ಹೆದರಿಸುತ್ತಾರೆ. ಕರೆ ಕಡಿತ ಮಾಡಬಾರದು, ಯಾರಿಗೂ ಹೇಳಬಾರದು ಎಂದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿದಿಡುತ್ತಾರೆ.

ಐದನೆಯ ಬಗೆಯ ಬಗ್ಗೆ ಹೆಚ್ಚಿನ ವಿವರ ಅಗತ್ಯ. ನಮ್ಮ ದೇಶದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ಫೋನಿನಲ್ಲಿ ಯಾರನ್ನೂ ಬಂಧಿಸಲು ಬರುವುದಿಲ್ಲ. ಹಣ ಕಟ್ಟಿಸಿಕೊಂಡು ತನಿಖೆ ಮಾಡುವ ಪದ್ಧತಿಯೂ ಇಲ್ಲ. ಆದರೂ ಭಯ ಮನುಷ್ಯನ ವಿವೇಕವನ್ನು ಕೆಡಿಸುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧ ದಂಪತಿ ಇಂಥ ಕರೆಗಳಿಗೆ ಸಿಲುಕಿ 50 ಲಕ್ಷ ರೂಪಾಯಿಗಳಿಗೂ ಹೆಚ್ಚು ಕಳೆದುಕೊಂಡು, ಕಡೆಗೆ ಪ್ರಾಣವನ್ನೇ ಕಳೆದುಕೊಂಡರು. ನೆರೆಯವರಲ್ಲಿ ಒಬ್ಬರಿಗೆ ಒಂದು ಮಾತು ಹೇಳಿದ್ದರೆ ಈ ದುರಂತ ತಪ್ಪುವ ಸಾಧ್ಯತೆ ಇತ್ತು. ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯದಲ್ಲೇ ಇನ್ನೊಂದು ನಿದರ್ಶನವಿದೆ. ವಿಜಯಪುರದ ನಿವಾಸಿಯೊಬ್ಬರು ಇಂಥದೇ ಕರೆ ಬಂದಾಗ ಹೆದರದೆ ಅದನ್ನು ಚಿತ್ರೀಕರಿಸಿಕೊಂಡರು. ಆ ಸಂಭಾಷಣೆಯನ್ನು ಪ್ರಧಾನಿಯವರು 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್' ಕಾರ್ಯಕ್ರಮದಲ್ಲಿ ದೇಶಕ್ಕೆಲ್ಲ ಕೇಳಿಸಿದರು. ಎರಡೂ ಕಡೆ ವಂಚಕರ ಆಯುಧ ಒಂದೇ, ಬೆದರಿಕೆ. ಒಂದು ಕಡೆ ಅದು ನಾಟಿತು, ಇನ್ನೊಂದು ಕಡೆ ಮೊಂಡಾಯಿತು.

ಒಂದು ಮಾದರಿ ಸಂಭಾಷಣೆ

ವಂಚಕರ ಮಾತಿನಲ್ಲಿ ಒಂದು ಕ್ರಮವಿದೆ. ಅದನ್ನು ಗುರುತಿಸಲು ಕೆಳಗಿನ ಕಾಲ್ಪನಿಕ ಸಂಭಾಷಣೆಯನ್ನು ಗಮನಿಸಿ.

"ನಮಸ್ಕಾರ ಯಜಮಾನ್ರೇ, ಬ್ಯಾಂಕಿನ ಹೆಡ್ ಆಫೀಸಿನಿಂದ ಮಾತಾಡ್ತಿದೀನಿ. ನಿಮ್ಮ ರಾಗಿ ದುಡ್ಡು ಬಂದಿದೆ, ಆದರೆ ಖಾತೆ ಲಾಕ್ ಆಗಿದೆ."
"ಯಾಕ್ ಸ್ವಾಮಿ? ಮೊನ್ನೆ ತಾನೇ ಪಾಸ್‌ಪುಸ್ತಕ ಎಂಟ್ರಿ ಮಾಡಿಸ್ಕೊಂಡ್ ಬಂದೆ."
"ಹೊಸ ರೂಲ್ಸು. ಇವತ್ತು ಐದು ಗಂಟೆ ಒಳಗೆ ಸರಿ ಮಾಡ್ಕೊಳ್ಳದಿದ್ರೆ ದುಡ್ಡು ವಾಪಸ್ ಹೋಗುತ್ತೆ. ಒಂದು ನಂಬರ್ ಬರುತ್ತೆ, ಹೇಳಿ."
"ನಾಳೆ ಬ್ಯಾಂಕಿಗೇ ಬರ್ತೀನಿ ಬಿಡಿ."
"ನಾಳೆ ಆಗಲ್ಲ ಯಜಮಾನ್ರೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಫೋನ್ ಇಡಬೇಡಿ."

ಇಲ್ಲಿ ನಾಲ್ಕು ಅಂಶಗಳಿವೆ. ಮೊದಲನೆಯದು, ಗುರುತು: ಬ್ಯಾಂಕಿನ ಹೆಸರು, ರಾಗಿ ಹಣದ ಸುದ್ದಿ. ಖರೀದಿ ಕಾಲದಲ್ಲಿ ರೈತರ ಖಾತೆಗೆ ಹಣ ಬರುವುದು ಎಲ್ಲರಿಗೂ ತಿಳಿದ ವಿಷಯ. ಅದನ್ನು ಹೇಳಿದ ಮಾತ್ರಕ್ಕೆ ಅವನು ಬ್ಯಾಂಕಿನವನಾಗುವುದಿಲ್ಲ. ಎರಡನೆಯದು, ಭಯ: ಹಣ ವಾಪಸ್ ಹೋಗುತ್ತದೆ. ಮೂರನೆಯದು, ಅವಸರ: ಐದು ಗಂಟೆಯೊಳಗೆ. ನಾಲ್ಕನೆಯದು, ಒಂಟಿತನ: ಫೋನ್ ಇಡಬೇಡಿ, ಯಾರನ್ನೂ ಕೇಳಬೇಡಿ. ಕಥೆ ಬದಲಾಗಬಹುದು, ಈ ನಾಲ್ಕು ಬದಲಾಗುವುದಿಲ್ಲ. ಭಯದ ಜಾಗದಲ್ಲಿ ಕೆಲವೊಮ್ಮೆ ಆಸೆ ಇರುತ್ತದೆ, ಅಷ್ಟೆ. ಎಲೆಯ ಮೇಲಿನ ಚುಕ್ಕೆಯಿಂದ ರೋಗವನ್ನು ಗುರುತಿಸುವಂತೆ ಈ ಲಕ್ಷಣಗಳಿಂದ ಸುಳ್ಳು ಕರೆಯನ್ನು ಗುರುತಿಸಬಹುದು.

ಈ ರೈತ ಆಡಿದ "ನಾಳೆ ಬ್ಯಾಂಕಿಗೇ ಬರ್ತೀನಿ" ಎಂಬ ಮಾತೇ ಅತ್ಯುತ್ತಮ ಪರೀಕ್ಷೆ. ನಿಜವಾದ ಬ್ಯಾಂಕಿನವರು "ಬನ್ನಿ" ಎನ್ನುತ್ತಾರೆ. ವಂಚಕ ಬೇಡವೆನ್ನುತ್ತಾನೆ.

ಮುಂಜಾಗ್ರತೆಯ ಕ್ರಮಗಳು

ಇಲ್ಲಿ ಒಂದು ತೊಡಕನ್ನು ಒಪ್ಪಿಕೊಳ್ಳಬೇಕು. ಹಳ್ಳಿಗಳಲ್ಲಿ ಕೃಷಿ ಇಲಾಖೆಯ ಸಹಾಯಕರು, ಗ್ರಾಮ ಆಡಳಿತಾಧಿಕಾರಿಗಳು, ಬ್ಯಾಂಕಿನ ಸಿಬ್ಬಂದಿ ತಮ್ಮ ಸ್ವಂತ ಮೊಬೈಲಿನಿಂದಲೇ ರೈತರಿಗೆ ಕರೆ ಮಾಡುವುದುಂಟು. ಆದ್ದರಿಂದ ಗುರುತಿಲ್ಲದ ಕರೆಗಳನ್ನೆಲ್ಲ ತಿರಸ್ಕರಿಸಿರೆಂದು ಹೇಳಲಾಗದು. ಕರೆಯನ್ನು ಸ್ವೀಕರಿಸಿ, ಸುದ್ದಿ ಕೇಳಿ. ಆದರೆ ಫೋನಿನಲ್ಲಿ ಗುಟ್ಟನ್ನು ಕೊಡಬೇಡಿ, ಹಣ ಕಳುಹಿಸಬೇಡಿ. ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ಕರೆಯನ್ನು ಕಡಿತಗೊಳಿಸಿ, ಪಾಸ್‌ಪುಸ್ತಕದಲ್ಲಿ ಅಥವಾ ಎ.ಟಿ.ಎಂ. ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾಗಿರುವ ಸಂಖ್ಯೆಗೆ ನೀವೇ ಕರೆ ಮಾಡಿ. ನಕಲಿ ಸಂಖ್ಯೆ ತೋರಿಸಿ ಕರೆ ಮಾಡಿದವನಿಗೆ ನೀವು ಮರಳಿ ಮಾಡುವ ಕರೆ ತಲುಪುವುದಿಲ್ಲ. ಅದು ಆ ಸಂಖ್ಯೆಯ ನಿಜವಾದ ಮಾಲೀಕನಿಗೆ ಹೋಗುತ್ತದೆ. ಬ್ಯಾಂಕಿನ ಸಂಖ್ಯೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ಅಲ್ಲಿಯೂ ವಂಚಕರು ತಮ್ಮ ಸಂಖ್ಯೆಯನ್ನು ಹಾಕಿರುತ್ತಾರೆ.

2. ಹಣ ಪಡೆಯಲು ಯು.ಪಿ.ಐ. ಪಿನ್ ಎಂದಿಗೂ ಬೇಕಾಗಿಲ್ಲ. ಪಿನ್ ಬೇಕಾಗುವುದು ಹಣ ಕೊಡಲು ಮತ್ತು ಉಳಿಕೆ ನೋಡಲು ಮಾತ್ರ. ಇದನ್ನು ಮನೆಯ ಎಲ್ಲರಿಗೂ ಬಾಯಿಪಾಠ ಮಾಡಿಸಿ.

3. ಓ.ಟಿ.ಪಿ. ಸಂದೇಶದಲ್ಲಿ ಅಂಕಿಯ ಜೊತೆಗೆ ಅದು ಯಾವುದಕ್ಕಾಗಿ ಬಂದಿದೆ ಎಂದೂ ಬರೆದಿರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ನೀವೇ ಎದುರಿಗೆ ಕುಳಿತು ಕೆಲಸ ಮಾಡಿಸುವಾಗ ಓ.ಟಿ.ಪಿ. ಬೇಕಾಗಬಹುದು. ಆಗಲೂ ಸಂದೇಶವನ್ನು ಪೂರ್ತಿ ಓದಿ, ಅಥವಾ ಓದಿಸಿ, ಆಮೇಲೆ ಕೊಡಿ. ಫೋನಿನಲ್ಲಿ ಕೇಳಿದವರಿಗೆ ಯಾವ ಕಾರಣಕ್ಕೂ ಹೇಳಬೇಡಿ.

4. ವಾಟ್ಸಪ್‌ನಲ್ಲಿ ಬಂದ ಎ.ಪಿ.ಕೆ. ಕಡತವನ್ನು ತೆರೆಯಬೇಡಿ, ಅದು ಗುರುತಿನವರಿಂದ ಬಂದಿದ್ದರೂ ಸಹ. ಅವರ ಮೊಬೈಲ್ ಮೊದಲೇ ವಂಚಕರ ವಶವಾಗಿರಬಹುದು. ತೆರೆ ಹಂಚಿಕೊಳ್ಳುವ ಆ್ಯಪ್‌ಗಳನ್ನು ಹಾಕಿಕೊಳ್ಳಲು ಹೇಳಿದರೆ ನಿರಾಕರಿಸಿ.

5. ಬೇರೆಯವರು ಹೇಳಿದರೆಂದು * ಮತ್ತು # ಚಿಹ್ನೆಗಳಿರುವ ಸಂಖ್ಯೆಗಳನ್ನು ಒತ್ತಬೇಡಿ. ನಿಮಗೆ ಬರುವ ಕರೆಗಳು ಅವರ ಫೋನಿಗೆ ತಿರುಗುವ ಸಂಭವವಿದೆ. ಅನುಮಾನವಿದ್ದರೆ ##002# ಒತ್ತಿ ಎಲ್ಲ ತಿರುವುಗಳನ್ನೂ ರದ್ದುಪಡಿಸಬಹುದು.

6. ಬ್ಯಾಂಕುಗಳು ಮತ್ತು ಸರ್ಕಾರಿ ಸಂಸ್ಥೆಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನೂ, ಪ್ರಚಾರದ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನೂ ಮೀಸಲಿಡಲಾಗಿದೆ. ಗುರುತಿಸಲು ಇದು ಸಹಾಯಕ. ಆದರೆ 1600 ಕಂಡಿತೆಂದು ಪಿನ್ ಹೇಳುವಂತಿಲ್ಲ.

7. ಎಲ್ಲ ರಾಗಿಯನ್ನೂ ಒಂದೇ ಹಗೇವಿಗೆ ತುಂಬುವುದು ಜಾಣತನವಲ್ಲ. ಫಸಲಿನ ಹಣ ಬರುವ ಖಾತೆಯನ್ನು ಮೊಬೈಲಿನ ಯು.ಪಿ.ಐ.ಗೆ ಜೋಡಿಸದಿರುವುದು ಒಳ್ಳೆಯದು. ದಿನದ ಖರ್ಚಿಗೆ ಬೇರೊಂದು ಖಾತೆಯಲ್ಲಿ ಸ್ವಲ್ಪ ಹಣವಿಟ್ಟು ಅದನ್ನು ಮಾತ್ರ ಜೋಡಿಸಿ. ದಿನದ ಮಿತಿಯನ್ನು ಕಡಿಮೆ ಮಾಡಿಸಲೂ ಬ್ಯಾಂಕಿನಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಿ.

8. ಬೆರಳಚ್ಚಿನ ದುರುಪಯೋಗ ತಡೆಯಲು ಆಧಾರ್‌ನ ಬಯೋಮೆಟ್ರಿಕ್‌ಗೆ ಬೀಗ ಹಾಕಿಸಬಹುದು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಜಮೀನು ಕ್ರಯ, ವಿಭಾಗ ಮಾಡಿಕೊಂಡವರಿಗೆ ಈ ಎಚ್ಚರಿಕೆ ಅಗತ್ಯ. ಬೆರಳಚ್ಚು ಬೇಕಾದ ಕೆಲಸವಿದ್ದ ದಿನ ಬೀಗ ತೆರೆದು ಮತ್ತೆ ಹಾಕಬಹುದು. ಮಾಹಿತಿಗೆ 1947 ಸಂಖ್ಯೆಗೆ ಕರೆ ಮಾಡಿ.

ಹಣ ಹೋದಾಗ ಮಾಡಬೇಕಾದುದೇನು?

ಅಪಹರಿಸಿದ ಹಣ ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ. ಒಡೆದ ಕಾಲುವೆಯ ನೀರಿನಂತೆ ಅದು ಕೆಲವೇ ನಿಮಿಷಗಳಲ್ಲಿ ನಾಲ್ಕಾರು ಖಾತೆಗಳಿಗೆ ಹರಿದು, ಕಡೆಗೆ ಯಾವುದೋ ಊರಿನ ಎ.ಟಿ.ಎಂ.ನಿಂದ ಹೊರಬೀಳುತ್ತದೆ. ಹೊರಬೀಳುವ ಮೊದಲು ಕಟ್ಟೆ ಹಾಕಿದರೆ ಹಣ ಉಳಿಯುತ್ತದೆ. ಆದ್ದರಿಂದ ಮೊದಲ ಗಂಟೆ ಅತ್ಯಂತ ಮುಖ್ಯ.

ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. 2021ರಲ್ಲಿ 155260 ಎಂಬ ಸಂಖ್ಯೆಯೊಡನೆ ಆರಂಭವಾಗಿ, ನಂತರ 1930ಕ್ಕೆ ಬದಲಾಯಿತು. ದೂರು ದಾಖಲಾದೊಡನೆ ಸಂಬಂಧಪಟ್ಟ ಬ್ಯಾಂಕುಗಳಿಗೆ ಸೂಚನೆ ಹೋಗಿ, ಹಣ ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ತಡೆಹಿಡಿಯುವ ಏರ್ಪಾಡಿದೆ. ಸಂಪರ್ಕ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಖಾತೆಯ ವಿವರ, ಹೋದ ಮೊತ್ತ, ದಿನಾಂಕ, ಸಮಯ, ವ್ಯವಹಾರದ ಸಂಖ್ಯೆ, ಕರೆ ಬಂದ ಸಂಖ್ಯೆ, ಇಷ್ಟನ್ನು ಸಿದ್ಧವಾಗಿಟ್ಟುಕೊಳ್ಳಿ. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷ್ಯ. ಅದೇ ಹೊತ್ತಿನಲ್ಲಿ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಿ, ಲಿಖಿತ ದೂರಿಗೆ ಸ್ವೀಕೃತಿ ಪಡೆಯಿರಿ.

ಅನಂತರ ಹತ್ತಿರದ ಪೊಲೀಸ್ ಠಾಣೆ ಅಥವಾ ಜಿಲ್ಲಾ ಕೇಂದ್ರದ ಸಿ.ಇ.ಎನ್. ಪೊಲೀಸ್ ಠಾಣೆಗೆ ದೂರು ಕೊಡಿ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗಾಗಿ ಇರುವ ಠಾಣೆ ಇದು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾಯಿತೆಂಬುದು ಇಲ್ಲಿ ಸ್ಮರಣೀಯ. ಕಂಪ್ಯೂಟರ್ ಸಾಧನ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಬ್ಯಾಂಕಿನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ನಿಯಮ ರೂಪಿಸಿತು. ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ಆತ ತಿಳಿಸಿದರೆ ನಷ್ಟ ಅವನ ಮೇಲೆ ಬೀಳಬಾರದೆಂದು ಅದು ಹೇಳಿತು. ಗ್ರಾಹಕ ತಾನೇ ಗುಪ್ತ ಸಂಖ್ಯೆ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಅಂದರೆ ಮೋಸಹೋದವನಿಗೂ ಬೇಗ ತಿಳಿಸುವುದರಿಂದ ಲಾಭವಿದೆ. ನಾಚಿಕೆಯಿಂದ ಎರಡು ದಿನ ಸುಮ್ಮನಿರುವುದು ಹಣವನ್ನು ಎರಡನೆಯ ಸಲ ಕಳೆದುಕೊಂಡಂತೆ.

ಹಣ ಹೋಗದಿದ್ದರೂ ಅನುಮಾನಾಸ್ಪದ ಕರೆಯನ್ನು ವರದಿ ಮಾಡುವುದು ನಮ್ಮ ಕರ್ತವ್ಯ. ದೂರಸಂಪರ್ಕ ಇಲಾಖೆಯ 'ಸಂಚಾರ ಸಾಥಿ'ಯಲ್ಲಿ 2024ರ ಮಾರ್ಚ್‌ನಲ್ಲಿ ಆರಂಭವಾದ 'ಚಕ್ಷು' ಸೌಲಭ್ಯ ಇದಕ್ಕೆಂದೇ ಇದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ಅಲ್ಲಿ ನೋಡಬಹುದು.

ಖಾತೆಯನ್ನು ಬಾಡಿಗೆಗೆ ಕೊಡಬೇಡಿ

ಹಳ್ಳಿಯ ಯುವಕರಿಗೆ ವಿಶೇಷವಾಗಿ ತಿಳಿಸಬೇಕಾದ ಮಾತೊಂದಿದೆ. ಕದ್ದ ಹಣ ಹರಿಯಲು ಖಾತೆಗಳು ಬೇಕು. ಅದಕ್ಕಾಗಿ ಕೆಲವು ಸಾವಿರ ರೂಪಾಯಿ ಕೊಟ್ಟು ಪಾಸ್‌ಪುಸ್ತಕ, ಎ.ಟಿ.ಎಂ. ಕಾರ್ಡು, ಸಿಮ್‌ಗಳನ್ನು ಪಡೆಯುವ ದಲ್ಲಾಳಿಗಳಿದ್ದಾರೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ತನ್ನ ಹೊಲವನ್ನು ಗಾಂಜಾ ಬೆಳೆಯಲು ಕೊಟ್ಟು ನನಗೇನೂ ಗೊತ್ತಿಲ್ಲ ಎಂದರೆ ನಡೆಯುತ್ತದೆಯೇ?

ವಿಸ್ತರಣಾ ಕಾರ್ಯಕರ್ತರ ಪಾತ್ರ

ಕೀಟಬಾಧೆಯ ಮುನ್ಸೂಚನೆ ಕೊಡುವಂತೆ ಈ ಬಾಧೆಗೂ ಮುನ್ಸೂಚನೆ ಕೊಡಲು ಸಾಧ್ಯ. ಬೆಂಬಲ ಬೆಲೆ ಪಾವತಿ, ಪಿ.ಎಂ. ಕಿಸಾನ್ ಕಂತು, ವಿಮೆ ನೋಂದಣಿ, ಪರಿಹಾರ ವಿತರಣೆ ನಡೆಯುವ ವಾರಗಳಲ್ಲಿ ಸುಳ್ಳು ಕರೆಗಳಿಗೆ ನೆಪ ಸುಲಭವಾಗಿ ಸಿಗುತ್ತದೆ. ಆ ವಾರಕ್ಕೆ ಮೊದಲೇ ರೈತ ಸಂಪರ್ಕ ಕೇಂದ್ರ, ಹಾಲಿನ ಡೇರಿ, ಸಹಕಾರ ಸಂಘ ಮತ್ತು ಖರೀದಿ ಕೇಂದ್ರಗಳ ಫಲಕಗಳಲ್ಲಿ ಎರಡು ಸಾಲಿನ ಎಚ್ಚರಿಕೆ ಬರೆಸಬೇಕು. ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಿ ಮೇಲಿನಂಥ ಸಂಭಾಷಣೆಯನ್ನು ಇಬ್ಬರು ಅಭಿನಯಿಸಿ ತೋರಿಸಿದರೆ ಭಾಷಣಕ್ಕಿಂತ ಹೆಚ್ಚು ಮನಸ್ಸಿಗೆ ನಾಟುತ್ತದೆ. ಸಿಬ್ಬಂದಿಯೂ ಫೋನಿನಲ್ಲಿ ರೈತರಿಂದ ಓ.ಟಿ.ಪಿ. ಕೇಳುವ ಅಭ್ಯಾಸವನ್ನು ಸಂಪೂರ್ಣವಾಗಿ ಬಿಡಬೇಕು. ನಾವು ಒಂದು ಸಲ ಕೇಳಿ ರೂಢಿ ಮಾಡಿಸಿದರೆ ಮುಂದಿನ ಸಲ ವಂಚಕ ಕೇಳಿದಾಗ ರೈತ ಅನುಮಾನಪಡುವುದಿಲ್ಲ. ಯೋಜನೆಗಳ ಬಗ್ಗೆ ಸಂದೇಹವಿದ್ದವರಿಗೆ ಪಿ.ಎಂ. ಕಿಸಾನ್ ಸಹಾಯವಾಣಿ 155261 ಮತ್ತು ಕಿಸಾನ್ ಕರೆ ಕೇಂದ್ರದ 1800-180-1551 ಸಂಖ್ಯೆಗಳನ್ನು ತಿಳಿಸಬೇಕು.

ಮೋಸಹೋದವರನ್ನು ಊರಿನಲ್ಲಿ ಹಂಗಿಸುವುದು ಸಲ್ಲದು. ಓದಿದವರೂ, ದೊಡ್ಡ ಹುದ್ದೆಯಲ್ಲಿದ್ದವರೂ ಈ ಬಲೆಗೆ ಬಿದ್ದಿದ್ದಾರೆ. ಹಂಗಿಸಿದರೆ ಮುಂದಿನವನು ಬಾಯಿ ಬಿಡುವುದಿಲ್ಲ. ರೋಗ ಕಂಡ ಗಿಡವನ್ನು ಮುಚ್ಚಿಟ್ಟರೆ ತೋಟವೆಲ್ಲ ಹಾಳಾಗುತ್ತದೆ. ಒಬ್ಬರಿಗೆ ಬಂದ ಸುಳ್ಳು ಕರೆಯ ಸುದ್ದಿ ಅದೇ ದಿನ ಕಟ್ಟೆಯ ಮೇಲೆ ಹತ್ತು ಜನರಿಗೆ ತಿಳಿದರೆ, ಆ ಊರಿನಲ್ಲಿ ಅದೇ ಕಥೆ ಎರಡನೆಯ ಸಲ ನಡೆಯುವುದಿಲ್ಲ.

ಸಾರಾಂಶವಾಗಿ ಹೇಳುವುದಾದರೆ, ಅವಸರಪಡಿಸಿದವನಿಗೆ "ನಾಳೆ ಬರುತ್ತೇನೆ" ಎನ್ನಿ. ಗುಟ್ಟು ಕೇಳಿದವನಿಗೆ ಇಲ್ಲವೆನ್ನಿ. ಯಾರಿಗೂ ಹೇಳಬೇಡವೆಂದವನ ವಿಷಯವನ್ನು ಮನೆಯವರಿಗೆ ಮೊದಲು ಹೇಳಿ. ಹಣ ಹೋದರೆ ಮರುಕ್ಷಣವೇ 1930ಕ್ಕೆ ಕರೆ ಮಾಡಿ. ಈ ಸಂಖ್ಯೆಯನ್ನು ಈ ದಿನವೇ ಪಾಸ್‌ಪುಸ್ತಕದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿಡಿ.